ಉರಿಯುವ ಕಟ್ಟಡ, ಕೆಳಗೆ ಇಬ್ಬರು ಫೈರ್‌ಮನ್‌ಗಳು: ಚಿಕ್ಕಪ್ಪನ ಹಳೇ ಗೇಮ್ ಬಗ್ಗೆ ಗೊತ್ತಿದ್ದವರು ಹೇಳಿ

ಕಡಲತಡಿ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಕುಂದಾಪುರದ ಮನೆಯಲ್ಲಿ ಅಟ್ಟ ಗುಡಿಸುವಾಗ ಚಿಕ್ಕಪ್ಪನ ಸೂಟ್‌ಕೇಸ್ ಸಿಕ್ಕಿತು. ಅವರು ಕುವೈತ್‌ನಲ್ಲಿದ್ದರು. ತೀರಿಕೊಂಡು ಆರು ವರ್ಷ ಆಯ್ತು. ಸೂಟ್‌ಕೇಸಿನಲ್ಲಿ ಹಳೇ ಪಾಸ್‌ಪೋರ್ಟ್, ಖಾಲಿ ಸೆಂಟ್ ಬಾಟಲಿ, ಒಂದು ಟವೆಲ್ಲು. ಟವೆಲ್ಲು ಬಿಚ್ಚಿದರೆ ಒಳಗೆ ಅಂಗೈ ಅಗಲದ ವಿಡಿಯೋ ಗೇಮ್!

ನೋಡಿದ ತಕ್ಷಣ ನೆನಪಾಯಿತು. ಎಡಗಡೆ ಬೆಂಕಿ ಹೊತ್ತಿಕೊಂಡ ಕಟ್ಟಡ. ಮೇಲಿನಿಂದ ಜನ ಒಬ್ಬೊಬ್ಬರಾಗಿ ಜಿಗಿಯುತ್ತಾರೆ. ಕೆಳಗೆ ಇಬ್ಬರು ಫೈರ್‌ಮನ್‌ಗಳು ಜಮಖಾನದಂಥದ್ದೊಂದನ್ನು ಹಿಡಿದು ಓಡಾಡುತ್ತಾರೆ. ಬಿದ್ದವರು ಅದರ ಮೇಲೆ ಪುಟಿದು, ಪುಟಿದು, ಬಲಗಡೆ ನಿಂತ ಆಂಬುಲೆನ್ಸ್ ಒಳಗೆ ಹೋಗಬೇಕು. ಇರುವುದು ಎರಡೇ ಬಟನ್. ಎಡಕ್ಕೊಂದು, ಬಲಕ್ಕೊಂದು.

ಚಿಕ್ಕಪ್ಪ ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ನಾವು ಐದು ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂರಬೇಕು. ಮೂರು ಜನರನ್ನು ನೆಲಕ್ಕೆ ಬೀಳಿಸಿದರೆ ಗೇಮ್ ಪಕ್ಕದವರ ಕೈಗೆ. ಯಾರಾದರೂ ಬಿದ್ದರೆ ಚಿಕ್ಕಪ್ಪ "ಅಯ್ಯೋ ಪಾಪ" ಅನ್ನುತ್ತಿದ್ದರು. ಪ್ರತಿ ಸಲವೂ ಅನ್ನುತ್ತಿದ್ದರು.

ಈಗ ಅದು ಕೆಲಸ ಮಾಡುತ್ತಿಲ್ಲ. ಹಿಂದೆ ಬ್ಯಾಟರಿ ಇಡುವ ಜಾಗದಲ್ಲಿ ಹಸಿರು ಹಿಟ್ಟು ಕಟ್ಟಿದೆ. ಮುಂದೆ ನಿಂಟೆಂಡೊ ಎಂದು ಬರೆದಿದೆ, ಪರದೆಯಲ್ಲಿ ಬಣ್ಣದ ಚಿತ್ರ ಇದೆ. ಇದು ಯಾವ ಕಾಲದ್ದು? ಸರಿಮಾಡಬಹುದಾ? ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಆಡಿಸಬೇಕು ಅಂತ ತುಂಬಾ ಆಸೆ.

ಎಂಟುಬಿಟ್_ಗಿರಿ | ಭಾನುವಾರ, ರಾತ್ರಿ 10:25

ಕಡಲತಡಿ ಅವರೇ, ಓದಿ ತುಂಬಾ ಖುಷಿಯಾಯಿತು. ಇದು ನಿಂಟೆಂಡೊ ಕಂಪನಿಯ 'ಗೇಮ್ ಆಂಡ್ ವಾಚ್' ಸಾಲಿನ 'ಫೈರ್'. ಈ ಸಾಲು ಜಪಾನಿನಲ್ಲಿ ಶುರುವಾಗಿದ್ದು 1980ರ ಏಪ್ರಿಲ್‌ನಲ್ಲಿ, 'ಬಾಲ್' ಅನ್ನುವ ಗೇಮಿನಿಂದ. ಮೂರು ತಿಂಗಳಿಗೇ, ಜುಲೈ ಕೊನೆಗೆ, ಫೈರ್ ಬಂತು. ಅದು ಬೆಳ್ಳಿ ಬಣ್ಣದ ಮುಖದ್ದು, ಪರದೆ ಚಿಕ್ಕದು, ಬಣ್ಣ ಇಲ್ಲ. 1981ರ ಡಿಸೆಂಬರ್‌ನಲ್ಲಿ ಅದನ್ನೇ ದೊಡ್ಡ ಪರದೆ, ಬಣ್ಣದ ಹಿನ್ನೆಲೆ, ಅಲಾರಂ ಎಲ್ಲ ಸೇರಿಸಿ ಮತ್ತೆ ತಂದರು. ನೀವು ಬಣ್ಣ ಇದೆ ಅಂತಿದ್ದೀರಿ, ಹಾಗಾಗಿ ನಿಮ್ಮದು ಎರಡನೆಯದು, 'ವೈಡ್ ಸ್ಕ್ರೀನ್' ಫೈರ್. ಅಮೆರಿಕದಲ್ಲಿ ಮೊದಲನೆಯದನ್ನು ಮೆಗೋ ಅನ್ನುವ ಆಟಿಕೆ ಕಂಪನಿ 'ಫೈರ್‌ಮನ್ ಫೈರ್‌ಮನ್' ಎಂದು ಹೆಸರು ಬದಲಿಸಿ ಮಾರಿತ್ತು.

ಇದನ್ನೆಲ್ಲ ರೂಪಿಸಿದವರು ಗುನ್‌ಪೇ ಯೊಕೊಯ್. ಒಮ್ಮೆ ಶಿಂಕಾನ್ಸೆನ್ ರೈಲಿನಲ್ಲಿ ಹೋಗುವಾಗ, ಬೇಜಾರಾಗಿ ಕೂತ ಒಬ್ಬ ಪ್ರಯಾಣಿಕ ಸುಮ್ನೆ ಕ್ಯಾಲ್ಕುಲೇಟರ್ ಒತ್ತುತ್ತಾ ಕಾಲ ಕಳೆಯುತ್ತಿದ್ದುದನ್ನು ನೋಡಿದರಂತೆ. ಗಡಿಯಾರವೂ ಆಗುವ, ಕೈಯಲ್ಲಿ ಮುಚ್ಚಿಕೊಂಡು ಆಡಬಹುದಾದ ಗೇಮ್ ಮಾಡಿದರೆ ಹೇಗೆ ಎಂದು ಅನಿಸಿದ್ದು ಅಲ್ಲಿ. ಆಗ ಜಪಾನಿನಲ್ಲಿ ಶಾರ್ಪ್, ಕ್ಯಾಸಿಯೊ ಪೈಪೋಟಿಯಲ್ಲಿ ಕ್ಯಾಲ್ಕುಲೇಟರ್ ಬೆಲೆ ಪಾತಾಳಕ್ಕಿಳಿದಿತ್ತು. ಅದರ ಪರದೆ, ಚಿಪ್ ಎಲ್ಲ ಅಗ್ಗ. ಹಳತಾದ, ಎಲ್ಲರಿಗೂ ಗೊತ್ತಿರುವ ವಸ್ತುವಿನಿಂದ ಹೊಸ ಆಟ ಹುಟ್ಟಿಸುವುದು ಯೊಕೊಯ್ ಅವರ ದಾರಿ. ಕೊನೆಗೆ ಈ ಸಾಲು 4 ಕೋಟಿ 34 ಲಕ್ಷ ಮಾರಾಟವಾಯಿತು. 1989ರ ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರ ಕೂಡ ಅವರ ತಂಡದ್ದೇ.

ದಯವಿಟ್ಟು ಮಾರಬೇಡಿ. ಆ ಟವೆಲ್ಲನ್ನೂ ಇಟ್ಟುಕೊಳ್ಳಿ.

ದೋಹಾ_ಕನ್ನಡಿಗ | ಭಾನುವಾರ, ರಾತ್ರಿ 11:02

ನಮ್ಮ ಭಟ್ಕಳದಲ್ಲೂ ಇದೇ ಕಥೆ. ಗಲ್ಫಿನಿಂದ ಬರುವವರ ಸೂಟ್‌ಕೇಸ್ ಅಂದರೆ ಟಾಂಗ್ ಡಬ್ಬಿ, ನಿಡೋ ಹಾಲಿನ ಪುಡಿ, ಟೈಗರ್ ಬಾಮ್, ಅದೃಷ್ಟ ಇದ್ದರೆ ಇಂಥದ್ದೊಂದು ಗೇಮ್. ನಮ್ಮ ಮಾಮ ತಂದಿದ್ದರಲ್ಲಿ ಇದೇ ಸಾಲಿನ 'ಆಕ್ಟೋಪಸ್' ಗೇಮ್ ಇತ್ತು. ಫೈರ್ ಇದ್ದದ್ದು ಎದುರು ಮನೆಯವರ ಹತ್ತಿರ. ಅವರ ಮನೆಗೆ ಹೋಗಲು ದಿನಾ ಏನಾದರೂ ನೆಪ ಹುಡುಕುತ್ತಿದ್ದೆವು. ಆ 'ಟಿಕ್ ಟಿಕ್ ಟಿಕ್' ಸದ್ದು ಈಗಲೂ ಕಿವಿಯಲ್ಲಿದೆ.

ಬೆಸುಗೆ_ಮೈಸೂರು | ಸೋಮವಾರ, ಬೆಳಗ್ಗೆ 7:15

ಸರ್, ಸರಿಯಾಗುವ ಸಾಧ್ಯತೆ ಜಾಸ್ತಿ ಇದೆ. ಗಾಬರಿ ಬೇಡ.

ಆ ಹಸಿರು ಹಿಟ್ಟು ಬ್ಯಾಟರಿ ಸೋರಿದ್ದು. ಒಳಗಿನ ರಸ ಕ್ಷಾರ, ಅದಕ್ಕೆ ಹುಳಿ ಬೇಕು. ಅಡುಗೆಮನೆಯ ವಿನೆಗರ್ ಸಾಕು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಬ್ಯಾಟರಿ ತಾಗುವ ತಗಡಿನ ಮೇಲೆ ಮಾತ್ರ ಒರೆಸಿ. ನೊರೆ ಬರುತ್ತದೆ, ಬರಲಿ. ನೊರೆ ನಿಂತ ಮೇಲೆ ಇನ್ನೊಂದು ಕಡ್ಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಂಡು ಚೆನ್ನಾಗಿ ಒರೆಸಿ ಒಣಗಿಸಿ. ವಿನೆಗರ್ ಅಲ್ಲೇ ಉಳಿದರೆ ಅದೂ ತಗಡನ್ನು ತಿನ್ನುತ್ತದೆ.

ಬ್ಯಾಟರಿ ಎರಡು ಬೇಕು, ಎಲ್‌ಆರ್43. ಇಲ್ಲೇ ಎಲ್ಲರೂ ಎಡವುವುದು. ಅಂಗಡಿಯಲ್ಲಿ ಕೇಳಿದರೆ ಎಲ್‌ಆರ್44 ಕೊಟ್ಟು "ಎರಡೂ ಒಂದೇ" ಅನ್ನುತ್ತಾರೆ. ಅಗಲ ಒಂದೇ, 11.6 ಮಿ.ಮೀ. ದಪ್ಪ ಬೇರೆ. 43ರದ್ದು 4.2 ಮಿ.ಮೀ., 44ರದ್ದು 5.4. ಒತ್ತಿ ತುರುಕಿದರೆ ಒಳಗಿನ ತಗಡು ಬಾಗಿ ಹೋಗುತ್ತದೆ. ಎಸ್‌ಆರ್43 ಸಿಕ್ಕರೆ ಇನ್ನೂ ಒಳ್ಳೆಯದು. ಅದು ಸಿಲ್ವರ್ ಆಕ್ಸೈಡ್, ಬಾಳಿಕೆ ಜಾಸ್ತಿ.

ಒಂದು ಮಾತು ಮರೆಯಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಬಟನ್ ಬ್ಯಾಟರಿ ಕೈಗೆ ಸಿಗಬಾರದು. ಈ ಗೇಮಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಬೆರಳಿನಲ್ಲೇ ಜಾರಿಸಿ ತೆಗೆಯಬಹುದು. ನುಂಗಿದರೆ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಮಲ್ಲಿಗೆಮೊಗ್ಗು | ಸೋಮವಾರ, ಮಧ್ಯಾಹ್ನ 1:30

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ. ನನಗೊಂದು ಆತಂಕ. ನನ್ನ ಮಗನಿಗೆ ಏಳು ವರ್ಷ. ನಾವು ಒಂಬತ್ತನೇ ಮಹಡಿಯಲ್ಲಿ ಇದ್ದೇವೆ. ಬೆಂಕಿ ಬಿದ್ದರೆ ಕಿಟಕಿಯಿಂದ ಜಿಗಿಯಬೇಕು, ಕೆಳಗೆ ಯಾರೋ ಹಿಡಿಯುತ್ತಾರೆ, ಚೆಂಡಿನ ಹಾಗೆ ಪುಟಿಯುತ್ತೇವೆ ಅಂತ ಮಗುವಿನ ತಲೆಯಲ್ಲಿ ಕೂತರೆ? ಇದು ತಪ್ಪು ಪಾಠ ಅಲ್ವಾ?

ಎಂಟುಬಿಟ್_ಗಿರಿ | ಸೋಮವಾರ, ಮಧ್ಯಾಹ್ನ 2:10

ಮೇಡಂ, ನಿಮ್ಮ ಪ್ರಶ್ನೆ ಸರಿಯಾಗಿದೆ. ಉತ್ತರ ಕೊಡಬೇಕಾದವರು ಇಲ್ಲೇ ಇದ್ದಾರೆ. ಹುಬ್ಬಳ್ಳಿ ಸರ್, ಓದುತ್ತಿದ್ದೀರಾ?

ಹುಬ್ಬಳ್ಳಿ_101 | ಸೋಮವಾರ, ರಾತ್ರಿ 8:50

ಓದುತ್ತಿದ್ದೇನೆ. ನಾನು ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಿಯಾದವನು. ಗೇಮು ನೋಡಿರಲಿಲ್ಲ, ಇವತ್ತು ಮೊಮ್ಮಗ ಮೊಬೈಲಿನಲ್ಲಿ ವಿಡಿಯೋ ತೋರಿಸಿದ.

ಅವರು ಹಿಡಿದಿರುವುದನ್ನು ನಾವು ಜಂಪಿಂಗ್ ಶೀಟ್ ಅನ್ನುತ್ತಿದ್ದೆವು. ದಪ್ಪ ಕ್ಯಾನ್ವಾಸ್, ಸುತ್ತಲೂ ಹಿಡಿಕೆ. ತರಬೇತಿಯಲ್ಲಿ ಹಿಡಿದಿದ್ದೇನೆ. ಇಬ್ಬರಿಂದ ಆಗುವ ಕೆಲಸವೇ ಅಲ್ಲ. ಹತ್ತು ಹನ್ನೆರಡು ಜನ ಸುತ್ತ ನಿಲ್ಲಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ, ಮೈ ಹಿಂದಕ್ಕೆ ವಾಲಿಸಿ, ಕಣ್ಣು ಮೇಲೆ. ಮೇಲಿನಿಂದ ಮರಳಿನ ಮೂಟೆ ಬಿಡುತ್ತಿದ್ದರು. ಮೊದಲ ಮೂಟೆ ಬಿದ್ದಾಗ ನನ್ನ ಎರಡೂ ಕೈ ಭುಜದಿಂದ ಕಿತ್ತು ಬಂದ ಹಾಗಾಯಿತು. ಎದುರು ನಿಂತವನು ಮುಗ್ಗರಿಸಿ ಶೀಟಿನ ಮೇಲೇ ಬಿದ್ದ. ನಮ್ಮ ಉಸ್ತಾದರು ಒಂದೇ ಮಾತು ಹೇಳಿದರು, "ಅದು ಮೂಟೆ ಅಲ್ಲ, ಹೆಣ್ಣುಮಗಳು ಅಂತ ತಿಳ್ಕೊ, ಮತ್ತೆ ಹಿಡಿ." ಆವತ್ತು ಸಂಜೆ ತನಕ ಹಿಡಿದೆವು.

ಇನ್ನೊಂದು ವಿಷಯ. ನಿಜವಾದ ಬಲೆಯಲ್ಲಿ ಪುಟಿಯಬಾರದು. ಬಿದ್ದ ಪೆಟ್ಟನ್ನು ಅದು ನುಂಗಿಕೊಳ್ಳಬೇಕು. ಪುಟಿದರೆ ಹೊರಗೆ ಬೀಳುತ್ತಾರೆ. ಅಮೆರಿಕದ ಒಹಾಯೋದಲ್ಲಿ ಥಾಮಸ್ ಬ್ರೌಡರ್ ಎಂಬುವರು 1887ರಲ್ಲಿ ದುಂಡನೆಯ ಚೌಕಟ್ಟಿನ ಬಲೆ ಕಂಡುಹಿಡಿದರು. ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಆರು ಮಹಡಿಗಿಂತ ಮೇಲಿನಿಂದ ಅದನ್ನು ನಂಬುವ ಹಾಗಿರಲಿಲ್ಲ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 8, 9, 10ನೇ ಮಹಡಿ. ಏಣಿ ತಲುಪಿದ್ದು ಆರನೆಯದರ ತನಕ. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಜಿಗಿದರು, ಬಲೆ ಹರಿದುಹೋಯಿತು. 146 ಜನ ತೀರಿಕೊಂಡರು. ಈ ಗೇಮ್ ಬರುವ ಹೊತ್ತಿಗೆ ಅಲ್ಲೂ ಬಲೆ ಮೂಲೆ ಸೇರುತ್ತಿತ್ತು.

ನಮ್ಮಲ್ಲೂ ಆಗಿದೆ. 2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್. ಹೊಗೆ ತುಂಬಿ ಉಸಿರುಗಟ್ಟಿದಾಗ ಜನ ಗಾಜು ಒಡೆದರು, ಕೆಲವರು ಕೆಳಗೆ ಜಿಗಿದರು. ಒಂಬತ್ತು ಜನ ಹೋದರು. ಆ ಸುದ್ದಿ ಟಿ.ವಿ.ಯಲ್ಲಿ ನೋಡುವಾಗ ನನ್ನ ಕೈ ತಾನಾಗಿ ಮುಷ್ಟಿ ಕಟ್ಟಿತ್ತು, ಹಿಡಿಕೆ ಹಿಡಿದ ಹಾಗೆ.

ಅದಕ್ಕೇ ತಂಗಿ, ನಿಮ್ಮ ಮಗನಿಗೆ ಇದನ್ನು ಹೇಳಿ. ಜಿಗಿಯಬಾರದು. ಹೊಗೆ ಇಲ್ಲದಿದ್ದರೆ ಮೆಟ್ಟಿಲಿನಿಂದ ಇಳಿಯುವುದು, ಲಿಫ್ಟ್ ಹತ್ತಬಾರದು. ಮೆಟ್ಟಿಲಲ್ಲಿ ಹೊಗೆ ಇದ್ದರೆ ಮನೆಯೊಳಗೇ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಯಲ್ಲಿ ಬಟ್ಟೆ ಬೀಸುವುದು. ಹೊಗೆ ಒಳಗೆ ಬಂದರೆ ನೆಲಕ್ಕೆ ಬಗ್ಗಿ ತೆವಳುವುದು, ಉಸಿರಾಡುವ ಗಾಳಿ ಕೆಳಗಿರುತ್ತದೆ. 101 ಅಥವಾ 112ಕ್ಕೆ ಕರೆ ಮಾಡಿ ಮೊದಲು ವಿಳಾಸ ಹೇಳುವುದು.

ಇಷ್ಟು ಹೇಳಿಕೊಟ್ಟು, ಆಮೇಲೆ ಗೇಮ್ ಕೊಡಿ. ನನಗಂತೂ ಇಷ್ಟವಾಯಿತು. ಮಕ್ಕಳ ಆಟದಲ್ಲಿ ಗುಂಡು ಹೊಡೆಯುವವರೇ ಜಾಸ್ತಿ. ಇಲ್ಲಿ ಮಗು ಆಡುವುದು ಕೆಳಗೆ ನಿಂತು ಹಿಡಿಯುವವನಾಗಿ.

ಮಲ್ಲಿಗೆಮೊಗ್ಗು | ಸೋಮವಾರ, ರಾತ್ರಿ 9:20

ಅಣ್ಣಾ, ತುಂಬಾ ಧನ್ಯವಾದ. ಈಗಲೇ ಮಗನನ್ನು ಕೂರಿಸಿಕೊಂಡು ಓದಿ ಹೇಳಿದೆ. ಎದ್ದು ಹೋಗಿ ಬಾತ್‌ರೂಮಿನಿಂದ ಟವೆಲ್ ಒದ್ದೆ ಮಾಡಿ ತಂದು ಬಾಗಿಲ ಸಂದಿಗೆ ಇಟ್ಟು ತೋರಿಸಿದ. ಫ್ರಿಜ್ ಮೇಲೆ 101, 112 ಬರೆದು ಅಂಟಿಸಿದ್ದೇವೆ.

ಟಿಕ್‌ಟಿಕ್ | ಮಂಗಳವಾರ, ಬೆಳಗ್ಗೆ 10:05

ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕೆಲಸದಲ್ಲಿದ್ದೇನೆ. ಹೊಸಬರು ಸೇರಿದಾಗ ಅವರಿಗೆ ಮೊದಲು ತೋರಿಸುವುದು ಇದೇ ಫೈರ್. ಯಾಕೆ ಅಂತ ಹೇಳುತ್ತೇನೆ.

ಈ ಪರದೆಯಲ್ಲಿ ಈಗಿನ ಹಾಗೆ ಚುಕ್ಕಿಗಳಿಲ್ಲ. ಪ್ರತಿ ಚಿತ್ರವೂ ಅದರದೇ ಜಾಗದಲ್ಲಿ ಮೊದಲೇ ಅಚ್ಚಾಗಿರುತ್ತದೆ, ಕ್ಯಾಲ್ಕುಲೇಟರಿನ ಅಂಕಿ ಇದ್ದ ಹಾಗೆ. ಚಿಪ್ ಮಾಡುವುದು ಇಷ್ಟೇ: ಒಂದನ್ನು ಹೊತ್ತಿಸು, ಇನ್ನೊಂದನ್ನು ಆರಿಸು. ಗೇಮನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲ ಚಿತ್ರಗಳೂ ಮಸುಕಾಗಿ ಒಟ್ಟಿಗೆ ಕಾಣುತ್ತವೆ. ಬೀಳುವ ಜನ, ಮೂರು ಜಾಗದಲ್ಲಿ ಫೈರ್‌ಮನ್‌ಗಳು, ಎಲ್ಲ. ಚಿಕ್ಕವನಿದ್ದಾಗ ಅದನ್ನೇ ಎಷ್ಟೋ ಹೊತ್ತು ನೋಡುತ್ತಿದ್ದೆ.

ಹಾಗಾಗಿ ಯಾರೂ ಜಾರುತ್ತಾ ಇಳಿಯುವುದಿಲ್ಲ, ಒಂದು ಟಿಕ್‌ಗೆ ಒಂದು ಹೆಜ್ಜೆ. ಮೊದಲ ಪುಟಿತ ಎತ್ತರ, ಎರಡನೆಯದು ಅದಕ್ಕಿಂತ ಕಮ್ಮಿ, ಮೂರನೆಯದು ಚಿಕ್ಕದು, ನೇರ ಆಂಬುಲೆನ್ಸಿಗೆ. ಒಬ್ಬನೇ ಇದ್ದರೆ ಕಣ್ಣು ಮುಚ್ಚಿ ಹಿಡಿಯಬಹುದು. ಮೊದಲನೆಯವನು ಬಲ ತುದಿಗೆ ಬರುವ ಹೊತ್ತಿಗೆ ಇನ್ನೊಬ್ಬ ಕಟ್ಟಡದಿಂದ ಕೆಳಗೆ ತಲುಪಿದ ಅಂತಿಟ್ಟುಕೊಳ್ಳಿ. ಬಲದಿಂದ ಎಡಕ್ಕೆ ಎರಡು ಸಲ ಒತ್ತಬೇಕು. ಅಷ್ಟರಲ್ಲಿ ನಡುವೆ ಇನ್ನೊಬ್ಬ ಇಳಿಯುತ್ತಿರುತ್ತಾನೆ. ಎರಡು ಬಟನ್, ಮೂರು ಜಾಗ, ಅಷ್ಟರಲ್ಲೇ ಎದೆ ಡವಡವ ಅನ್ನುತ್ತದೆ. ಇಷ್ಟು ಕಮ್ಮಿ ಸಾಮಾನಿನಲ್ಲಿ ಇಷ್ಟು ಒಳ್ಳೆಯ ಅಡುಗೆ ಮಾಡಿದವರು ಅಪರೂಪ.

ಕಡಲತಡಿ ಅವರೇ, ಮಗಳಿಗೆ ಒಂದು ಗುಟ್ಟು ಹೇಳಿಕೊಡಿ. ಫೈರ್‌ಮನ್‌ಗಳನ್ನು ನೋಡಬಾರದು. ಅವರು ಎಲ್ಲಿದ್ದಾರೆ ಅಂತ ಬೆರಳಿಗೆ ಗೊತ್ತಿರುತ್ತದೆ. ಯಾರು ನೆಲಕ್ಕೆ ಎಲ್ಲರಿಗಿಂತ ಹತ್ತಿರ ಇದ್ದಾರೋ ಅವರ ಮೇಲೆ ಕಣ್ಣಿಡಬೇಕು. ಅವರನ್ನು ಹಿಡಿದ ತಕ್ಷಣ ಮುಂದಿನ ಹತ್ತಿರದವರು.

ದೋಹಾ_ಕನ್ನಡಿಗ | ಮಂಗಳವಾರ, ಮಧ್ಯಾಹ್ನ 3:40

1997ರಲ್ಲಿ ಗೇಮ್ ಬಾಯ್‌ಗೆ ಬಂದ 'ಗೇಮ್ ಆಂಡ್ ವಾಚ್ ಗ್ಯಾಲರಿ'ಯಲ್ಲೂ ಫೈರ್ ಇದೆ. ಅದರಲ್ಲಿ ಶೀಟ್ ಹಿಡಿಯುವವರು ಮಾರಿಯೊ, ಲುಯಿಜಿ. ನಿಂಟೆಂಡೊದ ಹೊಡೆದಾಟದ ಗೇಮ್ 'ಸ್ಮ್ಯಾಶ್ ಬ್ರದರ್ಸ್ ಮೆಲೀ'ಯಲ್ಲಿ ಮಿಸ್ಟರ್ ಗೇಮ್ ಆಂಡ್ ವಾಚ್ ಅನ್ನುವ ಪಾತ್ರ ಮೇಲಕ್ಕೆ ಜಿಗಿಯುವಾಗ ಇದೇ ಇಬ್ಬರು ಫೈರ್‌ಮನ್‌ಗಳು ಒಂದು ಕ್ಷಣ ಬಂದು ಹೋಗುತ್ತಾರೆ. ನನ್ನ ಮಗ ಅದನ್ನು ಆಡುವಾಗ ನೋಡಿ ಎದ್ದು ನಿಂತುಬಿಟ್ಟೆ.

ಬೆಂಕಿ ಆರಿಸುವ ಬೇರೆ ಹಳೇ ಗೇಮ್‌ಗಳಲ್ಲಿ ನನಗೆ ಇಷ್ಟ 1994ರ 'ದಿ ಫೈರ್‌ಮೆನ್', ನಿಂಟೆಂಡೊದ ಟಿ.ವಿ. ಗೇಮ್ ಯಂತ್ರ ಸೂಪರ್ ಫ್ಯಾಮಿಕಾಮ್‌ನದ್ದು. ಕ್ರಿಸ್‌ಮಸ್ ರಾತ್ರಿ ದೊಡ್ಡ ಕಟ್ಟಡಕ್ಕೆ ಬೆಂಕಿ, ಇಬ್ಬರು ಜೊತೆಗಾರರು ಒಳಗೆ ಹೋಗುತ್ತಾರೆ. ನೀರು ಬಿಡುವುದೇ ಆಯುಧ. ಸೆಗಾ ಕಂಪನಿಯ ಸ್ಯಾಟರ್ನ್ ಯಂತ್ರದ 'ಬರ್ನಿಂಗ್ ರೇಂಜರ್ಸ್' (1998) ಕೂಡ ಚೆಂದ. ಉಳಿಸಿದ ಜನ ಆಮೇಲೆ ನಿಮಗೆ ಮೇಲ್ ಬರೆಯುತ್ತಾರೆ.

ಕಡಲತಡಿ | ಶನಿವಾರ, ಸಂಜೆ 6:30

ಎಲ್ಲರಿಗೂ ಶರಣು. ಇವತ್ತು ಕೂತು ಮಾಡಿದೆ.

ವಿನೆಗರ್ ಹಾಕಿದಾಗ ನೊರೆ ಬಂತು, ಬೆಸುಗೆ ಸರ್ ಹೇಳಿದ ಹಾಗೇ. ಹಸಿರೆಲ್ಲ ಹೋಗಿ ಕೆಳಗೆ ತಗಡು ಹೊಳೆಯಿತು. ಒಂದು ತಗಡು ಒಳಕ್ಕೆ ಬಾಗಿತ್ತು. ಯಾವತ್ತೋ ದಪ್ಪ ಬ್ಯಾಟರಿ ತುರುಕಿರಬೇಕು. ಸೇಫ್ಟಿ ಪಿನ್ನಿನಿಂದ ಮೆಲ್ಲಗೆ ಎತ್ತಿದೆ. ಎಸ್‌ಆರ್43 ಇಲ್ಲಿ ಸಿಗಲಿಲ್ಲ, ಉಡುಪಿಯ ವಾಚ್ ಅಂಗಡಿಯಿಂದ ತರಿಸಿದೆ.

ಹಾಕಿದ ಕೂಡಲೇ 'ಪೀಂ' ಅಂತು! ಮಗಳು ಕಿರುಚಿದಳು.

ಆದರೆ ಒಂದು ತೊಂದರೆ. ನಡುವಿನ ಜಾಗಕ್ಕೆ ಬಂದಾಗ ಎಡಗಡೆಯ ಫೈರ್‌ಮನ್ ಕಾಣುವುದೇ ಇಲ್ಲ. ಶೀಟಿನ ಒಂದು ತುದಿ ಗಾಳಿಯಲ್ಲಿ ನಿಂತ ಹಾಗಿದೆ. ಸ್ಕೋರಿನ ಒಂದು ಅಂಕಿಯೂ ಅರ್ಧ ಮಾತ್ರ. ಪರದೆಯೇ ಹೋಯಿತಾ?

ಬೆಸುಗೆ_ಮೈಸೂರು | ಶನಿವಾರ, ಸಂಜೆ 7:05

ಪರದೆ ಹೋಗಿಲ್ಲ ಸರ್. ಪರದೆಗೂ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ನಾವು ಜೀಬ್ರಾ ಅನ್ನುತ್ತೇವೆ. ಕರೆಂಟ್ ಹರಿಯುವ ಗೆರೆ, ಹರಿಯದ ಗೆರೆ ಒಂದರ ಪಕ್ಕ ಒಂದು, ಜೀಬ್ರಾ ಮೈಯ ಹಾಗೆ. ಅಲ್ಲಿ ಧೂಳು ಕೂತರೆ ಆ ಗೆರೆಗೆ ಸೇರಿದ ಚಿತ್ರ ಮಾತ್ರ ಕಾಣುವುದಿಲ್ಲ.

ಹಿಂದಿನ ಚಿಕ್ಕ ಸ್ಟಾರ್ ಸ್ಕ್ರೂ ತೆಗೆಯಿರಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ, ಸ್ಕ್ರೂಗಳನ್ನು ಕಾಗದದ ಮೇಲೆ ಅದೇ ಕ್ರಮದಲ್ಲಿ ಇಡಿ. ಪಟ್ಟಿಯನ್ನು ಎಳೆಯಬೇಡಿ, ಎತ್ತಿ. ಅದರ ಎರಡೂ ಅಂಚು, ಗಾಜಿನ ಅಂಚು, ಬೋರ್ಡಿನ ಚಿನ್ನದ ಬಣ್ಣದ ಗೆರೆ, ಮೂರನ್ನೂ ಆಲ್ಕೋಹಾಲ್‌ನಲ್ಲಿ ಒರೆಸಿ. ಗಾಜಿಗೆ ಅಂಟಿದ, ಚಿತ್ರ ಕಪ್ಪಾಗಿ ಕಾಣುವಂತೆ ಮಾಡುವ ಪೋಲರೈಸರ್ ಹಾಳೆಗೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ. ಜೋಡಿಸುವಾಗ ಸ್ಕ್ರೂಗಳನ್ನು ಒಂದೇ ಸಮ ಬಿಗಿ ಮಾಡಿ. ಒಂದು ಕಡೆ ಸಡಿಲ ಆದರೆ ಮತ್ತೆ ಇದೇ ಪಾಡು.

ಹುಬ್ಬಳ್ಳಿ_101 | ಶನಿವಾರ, ರಾತ್ರಿ 8:00

ಬೇಗ ಅವನನ್ನು ವಾಪಸ್ ಕರೆತನ್ನಿ. ಒಂದು ಕಡೆ ಹಿಡಿಯುವವರಿಲ್ಲದೆ ಶೀಟ್ ನಿಲ್ಲುವುದಿಲ್ಲ. ನಿಮ್ಮ ಮಗಳಿಗೆ ಇನ್ನೊಂದು ಸಂಗತಿ ಹೇಳಿ. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದ 66 ಜನ ಫೈರ್‌ಮನ್‌ಗಳು ವಾಪಸ್ ಬರಲಿಲ್ಲ. ಪ್ರತಿ ವರ್ಷ ಆವತ್ತು ಠಾಣೆಯಲ್ಲಿ ಅವರನ್ನು ನೆನೆಯುತ್ತೇವೆ. ಆ ವಾರ ಹತ್ತಿರದ ಠಾಣೆಗೆ ಕರೆದುಕೊಂಡು ಹೋಗಿ. ಮಕ್ಕಳು ಬಂದರೆ ನಮ್ಮವರಿಗೆ ಬಹಳ ಖುಷಿ.

ಕಡಲತಡಿ | ಭಾನುವಾರ, ರಾತ್ರಿ 10:15

ಬಂದ. ಎಡಗಡೆಯ ಫೈರ್‌ಮನ್ ವಾಪಸ್ ಬಂದ.

ಪಟ್ಟಿ ಒರೆಸಿದಾಗ ಹತ್ತಿಯ ಮೇಲೆ ಕಪ್ಪು ಗೆರೆ ಬಿತ್ತು. ನಲವತ್ತು ವರ್ಷದ ಧೂಳು. ಮಗಳು ಮಧ್ಯಾಹ್ನ ಊಟ ಬಿಟ್ಟು ಆಡಿ 87 ಮಾಡಿದಳು. "ನೆಲಕ್ಕೆ ಹತ್ತಿರ ಇರುವವರನ್ನು ನೋಡು" ಅಂತ ಟಿಕ್‌ಟಿಕ್ ಅವರ ಗುಟ್ಟು ಹೇಳಿದೆ. ಸಂಜೆಗೆ 143. ಯಾರಾದರೂ ಬಿದ್ದರೆ ಅವಳೂ "ಅಯ್ಯೋ" ಅನ್ನುತ್ತಾಳೆ. ನಾನು ಹೇಳಿಕೊಟ್ಟಿದ್ದಲ್ಲ.

ರಾತ್ರಿ ಚಿಕ್ಕಮ್ಮನಿಗೆ ತೋರಿಸಲು ಹೋದೆವು. ಅವರಿಗೆ ಈಗ 74. ಗೇಮ್ ಆಡುತ್ತಾರೇನೋ ಅಂತ ಕೈಗೆ ಕೊಟ್ಟೆ. ಅವರು ಆಡಲಿಲ್ಲ. ಬಲಗಡೆಯ ಚಿಕ್ಕ ಬಟನ್‌ಗಳಲ್ಲಿ ಕೆಳಗಿನದನ್ನು ತಾವೇ ಒತ್ತಿದರು. ಗಡಿಯಾರ ಬಂತು, ಫೈರ್‌ಮನ್‌ಗಳು ತಾವಾಗಿ ಓಡಾಡಲು ಶುರು ಮಾಡಿದರು. "ನಿಮ್ಮ ಚಿಕ್ಕಪ್ಪ ಅಲ್ಲಿ ರೂಮಿನಲ್ಲಿ ಇದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ತಿದ್ರು. ಬೆಳಗಿನ ಪಾಳಿಗೆ ನಾಲ್ಕು ಗಂಟೆಗೆ ಏಳಬೇಕಿತ್ತು. ನಿಮಗೆ ಗೇಮು, ಅವರಿಗೆ ಅಲಾರಂ" ಅಂದರು. ನಮಗೆ ಯಾರಿಗೂ ಇದು ಗೊತ್ತೇ ಇರಲಿಲ್ಲ.

ಹಿಂದಿನ ತಂತಿಯ ಸ್ಟ್ಯಾಂಡ್ ಬಿಡಿಸಿ, ಅವರ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು ಬಂದಿದ್ದೇವೆ. ಮಗಳು ದಿನಾ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗಿ ಆಡುತ್ತಾಳಂತೆ.

ಬೆಸುಗೆ_ಮೈಸೂರು | ಭಾನುವಾರ, ರಾತ್ರಿ 10:40

ಸರ್, ಓದಿ ಕಣ್ಣು ತುಂಬಿತು. ಗಡಿಯಾರ ಯಾವಾಗಲೂ ಓಡುತ್ತಿದ್ದರೆ ಬ್ಯಾಟರಿಯೂ ಯಾವಾಗಲೂ ಒಳಗಿರುತ್ತದೆ. ಆರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಅಂಕಿ ಮಸುಕಾಗಲು ಶುರುವಾದರೆ ಕಾಯಬೇಡಿ, ಆವತ್ತೇ ಬದಲಿಸಿ. ಮೇಜಿನ ಮೇಲೆ ಕಿಟಕಿಯ ಬಿಸಿಲು ನೇರ ಬೀಳದ ಹಾಗೆ ನೋಡಿಕೊಳ್ಳಿ, ಪರದೆಯ ಹಾಳೆ ಕಪ್ಪಾಗುತ್ತದೆ. ಎಸ್‌ಆರ್43 ಸಿಗದಿದ್ದರೆ ಹೇಳಿ, ಮೈಸೂರಿನಿಂದ ನಾನೇ ಕಳಿಸುತ್ತೇನೆ.